ಸಂಜೆಗೊಂದು ಮನೆ: ಇಂಗ್ಲೆಂಡಿನ ಹಳ್ಳಿ ಸುತ್ತುತ್ತಲೇ ಕಸೂತಿ ಮುಗಿಸುವುದು ಹೇಗೆ

ಮೊದಲ ಸಲ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಎಂಬ ಕಣಿವೆಗಳ ಸೀಮೆಗೆ ಹೋದಾಗ ನನ್ನ ಚೀಲದಲ್ಲಿ ನಲವತ್ತೆರಡು ಬಣ್ಣದ ದೊಡ್ಡದೊಂದು ಕ್ರಾಸ್ ಸ್ಟಿಚ್ ಇತ್ತು, ಅಂದರೆ ಗುಣಿಸು ಗುರುತಿನಂಥ ಹೊಲಿಗೆಯಿಂದ ತುಂಬುವ ಚಿತ್ರ. ಕಲ್ಲಿನ ಮನೆ, ಗೋಡೆಗೆ ಗುಲಾಬಿ ಬಳ್ಳಿ, ಮೇಲೆ ಮೋಡ. ಒಂಬತ್ತು ದಿನ ಸುತ್ತಿ ವಾಪಸ್ ಬಂದಾಗ ಆಗಿದ್ದದ್ದು ಚಿಮಣಿ ಮಾತ್ರ. ಅದೂ ಅರ್ಧ.

ಸಮಯ ಸಿಗಲಿಲ್ಲ ಅಂತೇನಿಲ್ಲ. ಬಸ್ಸಿಗೆ ಕಾದಿದ್ದೇನೆ, ರೈಲಲ್ಲಿ ಕೂತಿದ್ದೇನೆ, ಮಳೆ ನಿಲ್ಲಲಿ ಅಂತ ಚಹಾದಂಗಡಿಯಲ್ಲಿ ಎರಡು ಗಂಟೆ ಕಳೆದಿದ್ದೇನೆ. ಆದರೆ ಪ್ರತಿ ಸಲವೂ ಯಾವ ಚೌಕಕ್ಕೆ ಯಾವ ಬಣ್ಣ ಅಂತ ತೋರಿಸುವ ಚಾರ್ಟ್ ಬಿಡಿಸಿ, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹುಡುಕಿ, ಸರಿಯಾದ ಬಣ್ಣ ತೆಗೆದು ಸೂಜಿಗೆ ಪೋಣಿಸುವಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು.

ಎರಡನೇ ಸಲವೂ ಅದೇ ಒಂಬತ್ತು ದಿನ, ಅದೇ ಮಳೆ. ಎಂಟು ಪುಟ್ಟ ಚಿತ್ರ ಮುಗಿಸಿ, ಒಂಬತ್ತನೆಯದನ್ನು ಮುಕ್ಕಾಲು ಮಾಡಿಕೊಂಡು ಬಂದೆ. ನನ್ನ ಕೈಯ ವೇಗವೇನೂ ಹೆಚ್ಚಿರಲಿಲ್ಲ. ಒಯ್ದ ಕೆಲಸ ಬೇರೆ ಇತ್ತು, ಅಷ್ಟೇ. ಪ್ರವಾಸದಲ್ಲಿ ಸಿಗುವ ಬಿಡುವು ತುಂಡು ತುಂಡಾಗಿ ಸಿಗುತ್ತದೆ. ಕೆಲಸವನ್ನೂ ಆ ತುಂಡುಗಳ ಅಳತೆಗೇ ಕತ್ತರಿಸಿಕೊಂಡು ಹೋಗಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ಹೊರಡುವ ಮೊದಲು ಕೈಯ ಲೆಕ್ಕ ತೆಗೆಯಿರಿ

ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆ ಹೊಲಿಯಿರಿ. ಎಷ್ಟು ಕ್ರಾಸ್ ಆಯಿತು ಎಣಿಸಿ. ನನಗೆ ಐವತ್ತು ಆಗುತ್ತದೆ, ಅಂದರೆ ಗಂಟೆಗೆ ನೂರು. ನಿಮಗೆ ಜಾಸ್ತಿ ಆಗಬಹುದು, ಕಡಿಮೆಯೂ ಆಗಬಹುದು.

ಹಳ್ಳಿ ಸುತ್ತುವ ಪ್ರವಾಸದಲ್ಲಿ ದಿನಕ್ಕೆ ಚೂರುಪಾರು ಎಲ್ಲ ಸೇರಿ ಒಂದೂವರೆ ಗಂಟೆ ಸಿಕ್ಕರೆ ಪುಣ್ಯ. ಮನೆಯ ವೇಗದಲ್ಲಾದರೆ ಅದು ನೂರೈವತ್ತು ಕ್ರಾಸ್. ತೆಗೆಯುವುದು, ಮಡಚುವುದು, ಕಿಟಕಿ ನೋಡುವುದು, ಪಕ್ಕದವರ ಹತ್ತಿರ ಮಾತಾಡುವುದು ಅಂತ ಮೂರನೇ ಒಂದು ಭಾಗ ಕಳೆಯಿರಿ. ನೂರು ಉಳಿಯಿತು. ನಿಮ್ಮ ದಿನದ ಕೆಲಸ ಅಷ್ಟೇ. ಇದಕ್ಕಿಂತ ಜಾಸ್ತಿ ಹಾಕಿಕೊಂಡರೆ ಮೂರನೇ ದಿನಕ್ಕೇ ಬಾಕಿ ಶುರುವಾಗುತ್ತದೆ. ಬಾಕಿ ಬಿದ್ದ ಕಸೂತಿಯನ್ನು ಯಾರೂ ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಅನುಭವದ ಮಾತು.

2. ಬಟ್ಟೆಯಲ್ಲಿ ಒಂಬತ್ತು ಮನೆ ಹಾಕಿ

ದಿನಕ್ಕೊಂದು ಮನೆ, ಅಂದರೆ ಒಂದು ಪುಟ್ಟ ಚಿತ್ರ ಕೂರುವಷ್ಟು ಖಾನೆ. ಮೂರು ಸಾಲು, ಸಾಲಿಗೆ ಮೂರು. ಐದು ದಿನದ ಪ್ರವಾಸವಾದರೆ ಒಂದೇ ಉದ್ದ ಪಟ್ಟಿಯಲ್ಲಿ ಐದು ಮನೆ ಮಾಡಿ, ಅದೂ ಚೆನ್ನಾಗಿ ಕಾಣುತ್ತದೆ.

ಚೌಕ ಚೌಕವಾಗಿ ನೇಯ್ದ 14 ಕೌಂಟ್ ಐಡಾ ಬಟ್ಟೆ ತೆಗೆದುಕೊಳ್ಳಿ. 14 ಕೌಂಟ್ ಅಂದರೆ ಇಂಚಿಗೆ 14 ಚೌಕ. ಒಂದು ಮನೆಗೆ 28 ಚೌಕ ಅಗಲ, 28 ಎತ್ತರ. ಅಲ್ಲಿಗೆ ಸರಿಯಾಗಿ ಎರಡು ಇಂಚು. ಮನೆಯ ಸುತ್ತ ಎರಡೆರಡು ಚೌಕ ಖಾಲಿ ಬಿಟ್ಟರೆ ಒಂದೊಂದಕ್ಕೆ 32 ಚೌಕ ಬೇಕು. ಮೂರು ಮನೆಗೆ 96 ಚೌಕ, ಅಂದರೆ ಏಳು ಇಂಚಿಗೆ ಚೂರು ಕಡಿಮೆ. ಮುಂದೆ ಫ್ರೇಮ್ ಹಾಕಿಸುವುದಕ್ಕೆ ನಾಲ್ಕೂ ಕಡೆ ಮೂರು ಮೂರು ಇಂಚು ಬಿಡಿ. ಒಟ್ಟು 13 ಇಂಚಿನ ಚೌಕ ಬಟ್ಟೆ ಸಾಕು. ಅಚ್ಚ ಬಿಳಿ ಬೇಡ, ಕೆನೆ ಬಣ್ಣ ಅಥವಾ ಓಟ್ಸ್ ಬಣ್ಣ ಇರಲಿ. ಕುರಿ ಹೊಲಿಯುವಾಗ ಬಿಳಿ ದಾರ ಕಾಣಬೇಕಲ್ಲ!

ಸುಲಭ ಮಾಡುವ ಉಪಾಯವೊಂದಿದೆ. ಮನೆಮನೆಗಳ ನಡುವಿನ ಗೆರೆಗಳನ್ನು ಹೊರಡುವ ಮೊದಲೇ ರನ್ನಿಂಗ್ ಹೊಲಿಗೆಯಲ್ಲಿ ಹಾಕಿಬಿಡಿ. ಎರಡು ಚೌಕ ಮೇಲೆ, ಎರಡು ಚೌಕ ಕೆಳಗೆ. ಮನೆಯಲ್ಲಿ ದೀಪದ ಕೆಳಗೆ ಕೂತು, ಎರಡೆರಡು ಸಲ ಎಣಿಸಿ ಹಾಕಿ. ಪ್ರವಾಸದಲ್ಲಿ ಅದೇ ಗೆರೆಯ ಮೇಲೆ ವಾಪಸ್ ಬರುವ ಹೊಲಿಗೆ ಹಾಕಿ ಖಾಲಿ ಜಾಗ ತುಂಬುತ್ತ ಹೋಗುವುದು. ಕಸೂತಿ ಗೊತ್ತಿದ್ದವರಿಗೆ ಆಗಲೇ ಹೊಳೆದಿರಬೇಕು, ಇದು ಗವಂತಿ ಹೊಲಿಗೆ. ಕ್ರಾಸ್ ಸ್ಟಿಚ್ ಅಂದರೂ ನಮ್ಮ ಕಸೂತಿಯ ಮೆಂತಿ ಹೊಲಿಗೆಯೇ ತಾನೆ. ವಾಪಸ್ ಬರುವಾಗ ಎಣಿಸುವುದೇ ಇಲ್ಲ, ಖಾಲಿ ಕಂಡಲ್ಲಿ ತುಂಬಿದರಾಯಿತು. ಇದರ ಬೆಲೆ ಬಸ್ ಸ್ಟಾಪಿನಲ್ಲಿ ಗೊತ್ತಾಗುತ್ತದೆ. ಜೊತೆಗೆ, ಆ ಗೆರೆ ಇರುವುದರಿಂದ ಒಂದು ಮನೆಯಲ್ಲಿ ಎಣಿಕೆ ತಪ್ಪಿದರೂ ಆ ತಪ್ಪು ಪಕ್ಕದ ಮನೆಗೆ ಹೋಗುವುದಿಲ್ಲ.

ಒಂದು ಮನೆಯಲ್ಲಿ 784 ಚೌಕ ಇವೆ. ಅದರಲ್ಲಿ ನೂರು ತುಂಬಿದರೆ ಸಾಕು, ಉಳಿದದ್ದು ಖಾಲಿ ಬಟ್ಟೆ. ಪೂರ್ತಿ ತುಂಬಿದ ಚಿತ್ರಕ್ಕಿಂತ ಹೀಗೆ ಗಾಳಿ ಆಡುವ ಚಿತ್ರವೇ ನನಗೆ ಇಷ್ಟ.

3. ಆರು ಚಿತ್ರ ಮೊದಲೇ, ಮೂರು ಅಲ್ಲೇ

ಗ್ರಾಫ್ ಹಾಳೆಯಲ್ಲಿ ಆರು ಚಿತ್ರ ಬರೆದುಕೊಳ್ಳಿ. ಉತ್ತರ ಇಂಗ್ಲೆಂಡಿಗೆ ನಾನು ಬರೆದುಕೊಂಡಿದ್ದು ಇವು: ಸ್ವೇಲ್‌ಡೇಲ್ ಕುರಿಯ ಮುಖ, ಗಾರೆಯಿಲ್ಲದೆ ಕಲ್ಲು ಜೋಡಿಸಿದ ಗೋಡೆ, ಹೊಲದ ನಡುವಿನ ಒಂಟಿ ಕೊಟ್ಟಿಗೆ, ಬಟರ್‌ಕಪ್ ಹೂ, ಕೆಂಪು ಅಂಚೆ ಡಬ್ಬಿ, ರಿಬಲ್‌ಹೆಡ್ ರೈಲು ಸೇತುವೆಯ ಮೂರು ಕಮಾನು. ಆ ಸೇತುವೆಗೆ ನಿಜವಾಗಿ 24 ಕಮಾನು ಇವೆ. 28 ಚೌಕದಲ್ಲಿ ಮೂರು ಹಿಡಿಸಿದ್ದೇ ದೊಡ್ಡದು.

ಉಳಿದ ಮೂರು ಮನೆ ಖಾಲಿ ಬಿಟ್ಟು ಹೋಗಿ. ಅಲ್ಲಿ ಕಂಡಿದ್ದಕ್ಕೆ ಜಾಗ ಬೇಕು. ನನ್ನ ಒಂದು ಮನೆಯಲ್ಲಿ ಹಳದಿ ಬಾಣ ಇದೆ. ಇಂಗ್ಲೆಂಡಿನ ಹೊಲಗಳ ನಡುವೆ ಜನ ನಡೆದು ಹೋಗುವ ಕಾಲುದಾರಿಗೆ ಹಳದಿ ಬಾಣದ ಗುರುತು, ಕುದುರೆಯೂ ಹೋಗಬಹುದಾದ ದಾರಿಗೆ ನೀಲಿ. ಅಂಗೈಯಗಲದ ಆ ಬಾಣ ನಾಲ್ಕು ದಿನ ನಮಗೆ ದಾರಿ ತೋರಿಸಿತು. ಮನೆಯಲ್ಲಿ ಕೂತು ಚಾರ್ಟ್ ಬರೆಯುವಾಗ ಅದು ನನ್ನ ತಲೆಗೇ ಬಂದಿರಲಿಲ್ಲ. ಗ್ರಾಫ್ ಹಾಳೆಯ ಎರಡು ತುಂಡು, ಒಂದು ಪೆನ್ಸಿಲ್, ರಬ್ಬರ್ ಜೊತೆಗಿರಲಿ.

ಕುರಿಯ ಬಗ್ಗೆ ಒಂದು ಮಾತು. ಸ್ವೇಲ್‌ಡೇಲ್ ಕುರಿಗೆ ಮುಖ ಕಪ್ಪು, ಮೂತಿಯ ಸುತ್ತ ಬಿಳಿ. ಆ ಬಿಳಿ ಮರೆತರೆ ಅದು ಬೇರೆ ಯಾವುದೋ ಕುರಿಯಾಗುತ್ತದೆ. ಪಕ್ಕದ ಲೇಕ್ ಡಿಸ್ಟ್ರಿಕ್ಟಿನ ಹರ್ಡ್‌ವಿಕ್ ಜಾತಿಯದ್ದು ತಿರುಗಾ ಮುರುಗಾ. ಮರಿ ಹುಟ್ಟುವಾಗ ಮೈಯೆಲ್ಲ ಕಪ್ಪು, ವಯಸ್ಸಾದ ಹಾಗೆ ತುಪ್ಪಟ ಬೂದು ಬಣ್ಣಕ್ಕೆ ತಿರುಗುತ್ತದೆ, ಮುಖ ಬೆಳ್ಳಗಾಗುತ್ತದೆ. ಎರಡು ಕಣಿವೆ ದಾಟಿದರೆ ನಿಮ್ಮ ಚಾರ್ಟಿನ ಕುರಿ ತಪ್ಪಾಗಿಬಿಡಬಹುದು, ನೋಡಿಕೊಳ್ಳಿ.

4. ಒಂಬತ್ತು ಬಣ್ಣ ಸಾಕು

ಡಿಎಂಸಿ ದಾರದ ನಂಬರಿನಲ್ಲಿ ಹೇಳುತ್ತೇನೆ. ಕಲ್ಲಿಗೆ 646, 647, 648. ಮೂರೂ ಬೂದು, ಗಾಢದಿಂದ ತಿಳಿಗೆ. ಹುಲ್ಲಿಗೆ 3346 ಮತ್ತು 3347. ಹೂವಿಗೆ ಹಳದಿ 444. ಅಂಚೆ ಡಬ್ಬಿಗೆ ಕೆಂಪು 321. ಕಪ್ಪು 310. ಒಂದು ಬಿಳಿ. ಬೇರೆ ಕಂಪನಿಯ ದಾರವಾದರೆ ಇದಕ್ಕೆ ಹತ್ತಿರದ ಬಣ್ಣ ಆರಿಸಿ.

ಮೂರು ಬೂದಿಗೆ ಜಾಗ ಕೊಟ್ಟಿದ್ದಕ್ಕೆ ಕಾರಣ ಇದೆ. ಡೇಲ್ಸ್ ನೋಡಿದವರು ಹಸಿರು ಅನ್ನುತ್ತಾರೆ. ಅಲ್ಲಿ ಕೂತು ಹೊಲಿದರೆ ಗೊತ್ತಾಗುತ್ತದೆ, ಅದು ಬೂದು ಬಣ್ಣದ ಸೀಮೆ. ಗೋಡೆ, ಮನೆ, ಸೂರು, ಸೇತುವೆ ಎಲ್ಲ ಸುಣ್ಣಕಲ್ಲು ಇಲ್ಲವೇ ಮರಳುಗಲ್ಲು. ಅದರ ನಡುವೆ ಹಸಿರು. ಮಳೆ ಬಿದ್ದಾಗ 647ರ ಗೋಡೆ ಐದು ನಿಮಿಷದಲ್ಲಿ 646 ಆಗುತ್ತದೆ.

ಪೂರ್ತಿ ಲಡಿ ಒಯ್ಯಬೇಡಿ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, ಆರು ಎಳೆಯದ್ದು. ಕ್ರಾಸ್ ಸ್ಟಿಚ್‌ಗೆ ಒಂದು ಸಲಕ್ಕೆ ಬೇಕಾಗುವುದು ಎರಡು ಎಳೆ. ಬಣ್ಣಕ್ಕೆ ಎರಡು ಮೀಟರ್ ಕತ್ತರಿಸಿಕೊಂಡರೆ ಈ ಕೆಲಸಕ್ಕೆ ಸಾಕು. ಬೂದು ಮತ್ತು ಹಸಿರು ಮಾತ್ರ ನಾಲ್ಕು ಮೀಟರ್ ಇರಲಿ. ದಪ್ಪ ರಟ್ಟಿನ ಅಂಚಿನಲ್ಲಿ ತೂತು ಮಾಡಿ, ಒಂದೊಂದು ತೂತಿಗೆ ಒಂದೊಂದು ಬಣ್ಣ ಕಟ್ಟಿ, ಪಕ್ಕದಲ್ಲಿ ನಂಬರ್ ಬರೆಯಿರಿ. ಪೆನ್ನಿನಲ್ಲಿ ಬೇಡ, ಪೆನ್ಸಿಲ್‌ನಲ್ಲಿ. ರಟ್ಟು ಒದ್ದೆಯಾದರೆ ಶಾಯಿ ದಾರಕ್ಕೆ ಇಳಿಯುತ್ತದೆ.

5. ದಾರ ಮನೆಯಲ್ಲೇ ಕತ್ತರಿಸಿ, ಕತ್ತರಿಯನ್ನು ನಂಬಬೇಡಿ

ಬ್ರಿಟನ್ನಿನ ವಿಮಾನ ನಿಲ್ದಾಣಗಳ ನಿಯಮದ ಪ್ರಕಾರ 6 ಸೆಂಟಿಮೀಟರ್ ಮೀರದ ಅಲಗಿನ ಕತ್ತರಿಯನ್ನು ಕೈಚೀಲದಲ್ಲಿ ಒಯ್ಯಬಹುದು. ಹೊಲಿಗೆ ಸೂಜಿಗೂ ಅಡ್ಡಿಯಿಲ್ಲ. ಆದರೆ ನಿಮ್ಮ ಕತ್ತರಿ ದಾಟಬೇಕಾದ್ದು ಒಂದೇ ನಿಲ್ದಾಣವಲ್ಲ. ಹೊರಡುವ ಕಡೆ ಒಂದು ನಿಯಮ, ವಿಮಾನ ಬದಲಿಸುವ ಕಡೆ ಇನ್ನೊಂದು. ಎಲ್ಲಕ್ಕಿಂತ ಮೇಲೆ ಅಲ್ಲಿ ನಿಂತ ಅಧಿಕಾರಿಯ ಮಾತು. ನನ್ನ ನಾಲ್ಕು ಸೆಂಟಿಮೀಟರಿನ ಕತ್ತರಿ ವಿಮಾನ ಬದಲಿಸುವಾಗ ಡಬ್ಬಿಗೆ ಹೋಯಿತು. ಹನ್ನೊಂದು ವರ್ಷ ಕೈಯಲ್ಲಿ ಆಡಿದ ಕತ್ತರಿ. ವಾದ ಮಾಡಿದೆ, ಪ್ರಯೋಜನವಾಗಲಿಲ್ಲ.

ಈಗ ಒಳ್ಳೆ ಕತ್ತರಿ ದೊಡ್ಡ ಪೆಟ್ಟಿಗೆಯಲ್ಲಿ, ಲಗೇಜ್ ಜೊತೆಗೆ. ಕೈಚೀಲದಲ್ಲಿ ಉಗುರು ಕಟರ್ ಮಾತ್ರ. ದಾರ ಕತ್ತರಿಸಲು ಅದು ಧಾರಾಳ ಸಾಕು. ಒಳಗೆ ಬ್ಲೇಡ್ ಇರುವ ದುಂಡನೆಯ ದಾರ ಕಟರನ್ನು ಕುತ್ತಿಗೆಗೆ ನೇತು ಹಾಕಿಕೊಂಡು ಹೋಗುವವರಿದ್ದಾರೆ. ಅಮೆರಿಕದ ನಿಲ್ದಾಣಗಳಲ್ಲಿ ಅದನ್ನು ಒಳಗೆ ಬಿಡುವುದೇ ಇಲ್ಲ.

ಕಟರೂ ಜಾಸ್ತಿ ಬೇಕಾಗದ ಹಾಗೆ ಮಾಡುವ ದಾರಿಯೂ ಇದೆ. ದಾರವನ್ನು 90 ಸೆಂಟಿಮೀಟರ್ ತುಂಡು ಮಾಡಿಕೊಳ್ಳಿ. ಆರು ಎಳೆಯಿಂದ ಒಂದನ್ನು ಮಾತ್ರ ಬಿಡಿಸಿ. ಒಂದೊಂದೇ ಎಳೆ ಎಳೆದರೆ ಸಿಕ್ಕಾಗುವುದಿಲ್ಲ, ಎರಡೆರಡು ಎಳೆದರೆ ಖಂಡಿತ ಆಗುತ್ತದೆ. ಆ ಒಂದು ಎಳೆಯನ್ನು ನಡುವಿಗೆ ಮಡಚಿ, ಎರಡು ತುದಿಗಳನ್ನೂ ಸೇರಿಸಿ ಸೂಜಿಗೆ ಪೋಣಿಸಿ. ಈಗ ದಾರದ ಬಾಲದಲ್ಲಿ ಒಂದು ಕುಣಿಕೆ ಇದೆ. ಹಿಂದಿನಿಂದ ಸೂಜಿ ಮೇಲೆ ತನ್ನಿ, ಕುಣಿಕೆ ಹಿಂದೆಯೇ ಉಳಿಯಲಿ. ಮೊದಲ ಅರ್ಧ ಕ್ರಾಸ್ ಹಾಕಿ ಸೂಜಿ ಕೆಳಗಿಳಿಸಿ. ಬಟ್ಟೆ ತಿರುಗಿಸಿ, ಸೂಜಿಯನ್ನು ಆ ಕುಣಿಕೆಯೊಳಗೆ ತೂರಿಸಿ, ಮೆಲ್ಲಗೆ ಎಳೆಯಿರಿ. ಕುಣಿಕೆ ಬಟ್ಟೆಗೆ ಕೂತುಕೊಳ್ಳುತ್ತದೆ. ಗಂಟಿಲ್ಲ, ಕತ್ತರಿಸುವ ಬಾಲವೂ ಇಲ್ಲ. ಮುಗಿಸುವಾಗ ಹಿಂಬದಿಯ ನಾಲ್ಕೈದು ಹೊಲಿಗೆಯ ಕೆಳಗೆ ದಾರ ನುಗ್ಗಿಸಿ ಕತ್ತರಿಸಿದರೆ ಮುಗಿಯಿತು.

ಇನ್ನು ಚೀಲದಲ್ಲಿ ಏನಿರಬೇಕು ಅಂತ ಬೇಗ ಹೇಳಿಬಿಡುತ್ತೇನೆ. ತುದಿ ಮೊಂಡಾದ 24 ನಂಬರಿನ ಟೇಪೆಸ್ಟ್ರಿ ಸೂಜಿ ನಾಲ್ಕು. ಬಟ್ಟೆ ಬಿಗಿಯಾಗಿ ಹಿಡಿಯುವ ನಾಲ್ಕು ಇಂಚಿನ ರಿಂಗು. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಎರಡು, ಒಂದು ಹರಿದರೆ ಇನ್ನೊಂದು ಇರಲಿ. ಕತ್ತರಿಸಿದ ದಾರದ ಚೂರು ಹಾಕಲು ಚಿಕ್ಕ ಡಬ್ಬಿ. ಓದುವ ಕನ್ನಡಕ. ಚಾರ್ಜ್ ಮಾಡುವ ಪುಟ್ಟ ದೀಪ ಇದ್ದರೆ ಅದೂ, ಪವರ್ ಬ್ಯಾಂಕೂ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನು ಲಗೇಜಿಗೆ ಹಾಕುವಂತಿಲ್ಲ. ಅಲ್ಲಿನ ಪ್ಲಗ್ಗಿಗೆ ಚಪ್ಪಟೆ ಕಾಲು ಮೂರು, ಅಡಾಪ್ಟರ್ ಮರೆಯಬೇಡಿ.

6. ಮೂರು ಥರದ ಬಿಡುವು, ಮೂರು ಥರದ ಹೊಲಿಗೆ

ಇಡೀ ಲೇಖನದಲ್ಲಿ ಇದೊಂದು ನೆನಪಿಟ್ಟುಕೊಂಡರೂ ಸಾಕು. ಯಾವ ಬಿಡುವಿಗೆ ಯಾವ ಹೊಲಿಗೆ ಅಂತ ಮೊದಲೇ ಹಂಚಿಬಿಡಿ.

*ಸಂಜೆಯ ಬಿಡುವು.* ಇದು ಎಣಿಕೆಗೆ. ಇಳಿದುಕೊಂಡ ಮನೆಯಲ್ಲಿ ಊಟವಾಗಿ, ಶೂ ಬಿಚ್ಚಿ ಕೂತ ಮೇಲೆ ಮಾರನೇ ದಿನದ ಚಿತ್ರದ ಹೊರಗೆರೆ ಹಾಕಿಡಿ. ಕುರಿಯ ಮುಖವಾದರೆ ಸುತ್ತಲಿನ ಇಪ್ಪತ್ತು ಮೂವತ್ತು ಕ್ರಾಸ್ ಮಾತ್ರ. ಚಾರ್ಟ್ ನೋಡುವ ಕೆಲಸವೆಲ್ಲ ಇಲ್ಲೇ ಮುಗಿಯಬೇಕು. ಜೂನ್ ತಿಂಗಳಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ. ದೀಪವೇ ಬೇಡ, ಕಿಟಕಿ ಪಕ್ಕ ಕೂತರೆ ಸಾಕು. ಡಿಸೆಂಬರಿನಲ್ಲಿ ಹೋಗುವವರ ಕಥೆ ಬೇರೆ. ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲು. ಆಗ 310 ಕಪ್ಪು ದಾರದ ಸಹವಾಸಕ್ಕೆ ಹೋಗಲೇಬೇಡಿ.

*ರೈಲಿನ ಬಿಡುವು.* ಇದು ತುಂಬುವುದಕ್ಕೆ. ಹಿಂದಿನ ರಾತ್ರಿ ಹಾಕಿದ ಹೊರಗೆರೆಯ ಒಳಗೆ ಒಂದೇ ಬಣ್ಣ ತುಂಬುತ್ತ ಹೋಗುವುದು. ರೈಲು ಕುಲುಕಿದರೂ ತಪ್ಪಾಗುವುದಿಲ್ಲ, ಗೆರೆ ದಾಟಿ ಹೋಗುವ ಹಾಗಿಲ್ಲವಲ್ಲ. ಮೇಜಿರುವ ಸೀಟು ಸಿಕ್ಕರೆ ಹಿಡಿಯಿರಿ.

ಆದರೆ ಸೆಟಲ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲಿನಲ್ಲಿ ನನ್ನ ನಿಯಮ ಬೇರೆ. ಸುಮಾರು 116 ಕಿಲೋಮೀಟರಿನ ದಾರಿ, 1870ರ ದಶಕದಲ್ಲಿ ಗುಡ್ಡ ಕೊರೆದು ಕಟ್ಟಿದ್ದು. ಸೆಟಲ್ ಬಿಟ್ಟ ಸ್ವಲ್ಪ ಹೊತ್ತಿಗೆ ರಿಬಲ್‌ಹೆಡ್ ಸೇತುವೆ ಬರುತ್ತದೆ. ಅದಾದ ಕೂಡಲೇ ಬ್ಲಿಯಾ ಮೂರ್ ಸುರಂಗ, ಎರಡು ಕಿಲೋಮೀಟರಿಗೂ ಉದ್ದ. ಸುರಂಗದಿಂದ ಹೊರಗೆ ಬಿದ್ದರೆ ಡೆಂಟ್ ಕಣಿವೆ. ನಾನು ಸೆಟಲ್‌ನಲ್ಲೇ ಸೂಜಿಯನ್ನು ಅಂಚಿಗೆ ಚುಚ್ಚಿಟ್ಟುಬಿಡುತ್ತೇನೆ. ಡೆಂಟ್ ಸ್ಟೇಷನ್ ದಾಟಿದ ಮೇಲೆ ಮತ್ತೆ ಶುರು. ಮೊದಲ ಸಲ ಹೋದಾಗ ತಲೆ ಬಗ್ಗಿಸಿ ಚಿಮಣಿ ಹೊಲಿಯುತ್ತಿದ್ದೆ. ತಲೆ ಎತ್ತಿದರೆ ಕಿಟಕಿಯಾಚೆ ಕತ್ತಲು. ಸೇತುವೆ ಹಿಂದೆ ಹೋಗಿ ಆಗಿತ್ತು. ಅಷ್ಟು ದೂರ ಹೋಗಿ ಸುರಂಗ ನೋಡಿಕೊಂಡು ಬಂದ ಹಾಗಾಯಿತು.

*ಹತ್ತು ನಿಮಿಷದ ಬಿಡುವು.* ಬಸ್ ಸ್ಟಾಪು, ಚಹಾ ಬರುವವರೆಗೆ, ಜೊತೆಯವರು ಫೋಟೊ ತೆಗೆಯುವಷ್ಟು ಹೊತ್ತು. ಇದಕ್ಕೆ ಮನೆಮನೆಗಳ ನಡುವಿನ ಗವಂತಿ ಗೆರೆ. ಎಣಿಕೆ ಇಲ್ಲ, ಚಾರ್ಟ್ ಇಲ್ಲ, ರಿಂಗೂ ಬೇಡ. ಒಂದು ಸೂಜಿಗೆ ಆ ದಾರ ಯಾವಾಗಲೂ ಪೋಣಿಸಿಯೇ ಇರಲಿ. ಹಳ್ಳಿ ಬಸ್ಸುಗಳು ದಿನಕ್ಕೆ ಕೆಲವೇ ಸಲ ಬರುತ್ತವೆ, ಭಾನುವಾರ ಕೆಲವು ಕಡೆ ಬರುವುದೇ ಇಲ್ಲ. ನಿಮ್ಮ ಗೆರೆ ಮುಗಿಯುವುದರಲ್ಲಿ ಅನುಮಾನವಿಲ್ಲ.

7. ಮಳೆ, ಬೆಣ್ಣೆ, ಮತ್ತೆ ಸೂಜಿ

ನಡೆಯುವಾಗ ಕಸೂತಿ ಜಿಪ್ ಚೀಲದೊಳಗೆ, ಆ ಚೀಲ ಬೆನ್ನಚೀಲದ ನಡುವೆ. ಮೇಲಿನ ಜೇಬಿನಲ್ಲಿ ಇಡಬೇಡಿ, ಮಳೆ ಮೊದಲು ಇಳಿಯುವುದೇ ಅಲ್ಲಿಗೆ. ರಾತ್ರಿ ಮಾತ್ರ ಚೀಲದಿಂದ ಹೊರಗೆ ತೆಗೆದು ಹರಡಿ. ತೇವ ಒಳಗೇ ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ರಿಂಗನ್ನೂ ಬಿಚ್ಚಿ ಮಲಗಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ಬಳೆಯ ಹಾಗೆ ಗುರುತು ಉಳಿಯುತ್ತದೆ. ಸೂಜಿಯನ್ನು ಚಿತ್ರದ ನಡುವೆ ಚುಚ್ಚಿಡಬೇಡಿ. ತೇವಕ್ಕೆ ಅದು ತುಕ್ಕು ಹಿಡಿದರೆ ಆ ಕಲೆ ಹೋಗುವುದಿಲ್ಲ. ಚುಚ್ಚುವುದಿದ್ದರೆ ಅಂಚಿಗೆ.

ಬೆಣ್ಣೆ ಹಚ್ಚಿದ ಸ್ಕೋನ್ ಬನ್ನು ತಿಂದ ಕೈ, ಸನ್‌ಸ್ಕ್ರೀನ್ ಹಚ್ಚಿದ ಕೈ, ಕುರಿ ಮುಟ್ಟಿದ ಕೈ, ಮೂರನ್ನೂ ಸೋಪು ಹಾಕಿಯೇ ತೊಳೆಯಬೇಕು. ಸುಮ್ನೆ ಒರೆಸಿಕೊಂಡರೆ ಸಾಲದು. ಕೆನೆ ಬಣ್ಣದ ಬಟ್ಟೆ ಇವತ್ತು ಏನೂ ತೋರಿಸುವುದಿಲ್ಲ, ಆರು ತಿಂಗಳ ಮೇಲೆ ಹಳದಿ ಬೆರಳಚ್ಚು ತೋರಿಸುತ್ತದೆ.

ಸೂಜಿಗಳನ್ನು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಎಣಿಸಿ. ನಾಲ್ಕಿರಬೇಕು. ಒಂದು ರಾತ್ರಿ ಮೂರೇ ಇದ್ದವು. ರೂಮಿನ ತುಂಬ ದಪ್ಪ ಕಾರ್ಪೆಟ್, ಬೆಳಿಗ್ಗೆ ಮನೆಯವರ ಚಿಕ್ಕ ಮಗು ಅಲ್ಲೇ ಓಡಾಡಿದ್ದು ನೋಡಿದ್ದೆ. ಎದೆ ಧಸಕ್ಕೆಂದಿತು. ಕೈಯಾಡಿಸಿ ಹುಡುಕಬೇಡಿ, ಹೀಗೆ ಮಾಡಿ: ದೀಪ ಆರಿಸಿ, ಮೊಬೈಲಿನ ಟಾರ್ಚ್ ಹಚ್ಚಿ ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ. ಕೆನ್ನೆಯನ್ನೂ ನೆಲಕ್ಕೆ ತಾಗಿಸಿ ನೋಡಿ. ಸೂಜಿ ಒಂದು ಕ್ಷಣ ಮಿಂಚುತ್ತದೆ. ಮಂಚದ ಕಾಲಿನ ಹತ್ತಿರ ಸಿಕ್ಕಿತು. ಆಮೇಲೆ ಒಂದು ಚಿಕ್ಕ ಮ್ಯಾಗ್ನೆಟ್ ಕೊಂಡೆ.

ಹೊಲದ ಕಲ್ಲಿನ ಮೇಲೆ ಕೂತು ಹೊಲಿಯುವುದು ಖುಷಿಯ ವಿಷಯ. ದಾರದ ಚೂರು ಮಾತ್ರ ಅಲ್ಲಿ ಬಿಡಬೇಡಿ. ಹಕ್ಕಿಗಳು ಗೂಡಿಗೆ ಒಯ್ಯುತ್ತವೆ, ಚೆಂದ ಅಂತ ನಮಗೆ ಅನಿಸುತ್ತದೆ. ಆದರೆ ಆ ದಾರ ಮರಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಎಲ್ಲ ಡಬ್ಬಿಗೆ. ಗೇಟುಗಳದ್ದೂ ಒಂದು ಮಾತು. ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಅದು ಅಲ್ಲಿನ ಪದ್ಧತಿ.

8. ಒಂದು ದಿನ ಬೇರೆಯವರ ಹೊಲಿಗೆ ನೋಡಲು ಇಡಿ

ಹಳ್ಳಿಯ ಚರ್ಚಿಗೆ ಹೋಗಿ. ಹಗಲು ಹೊತ್ತು ಬಹಳಷ್ಟು ಚರ್ಚುಗಳು ತೆರೆದಿರುತ್ತವೆ. ಬೆಂಚುಗಳ ಕೆಳಗೆ, ಕೆಲವು ಕಡೆ ಕೊಕ್ಕೆಗೆ ನೇತು ಹಾಕಿದ ಹಾಗೆ, ಪುಟ್ಟ ದಿಂಬುಗಳಿರುತ್ತವೆ. ಪ್ರಾರ್ಥನೆಗೆ ಮೊಣಕಾಲೂರಲು ಇಟ್ಟಿದ್ದು. ದಪ್ಪ ಕ್ಯಾನ್ವಾಸಿನ ಮೇಲೆ ಉಣ್ಣೆ ದಾರದ ಹೊಲಿಗೆ, ಹೆಚ್ಚಿನವು ಆ ಊರಿನವರೇ ಹೊಲಿದದ್ದು. ನಾನು ನೋಡಿದ ಒಂದು ಚರ್ಚಿನಲ್ಲಿ ನಲವತ್ತಕ್ಕೂ ಜಾಸ್ತಿ ಇದ್ದವು. ಒಂದರಲ್ಲಿ ಗೂಬೆ, ಒಂದರಲ್ಲಿ ಟ್ರ್ಯಾಕ್ಟರ್, ಒಂದರಲ್ಲಿ ಬರೀ ಹೆಸರಿನ ಎರಡಕ್ಷರ ಮತ್ತು ಇಸವಿ. ಟ್ರ್ಯಾಕ್ಟರಿನ ಹಿಂದಿನ ಚಕ್ರದಲ್ಲಿ ಕಪ್ಪು ಮುಗಿದು ಕಡು ನೀಲಿ ಹಾಕಿದ್ದರು. ಯಾರಿಗೂ ಗೊತ್ತಾಗದು ಅಂದುಕೊಂಡಿರಬೇಕು. ಹೊಲಿಯುವವರಿಗೆ ಗೊತ್ತಾಗುತ್ತದೆ, ಅಲ್ವಾ? ಕಾಣಿಕೆ ಡಬ್ಬಿಗೆ ಒಂದೆರಡು ಪೌಂಡ್ ಹಾಕಿ ಬಂದೆ.

ಲೇಕ್ ಡಿಸ್ಟ್ರಿಕ್ಟಿನ ಅಂಚಿನ ಕೆಂಡಲ್ ಊರಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಕ್ವೇಕರ್ ಟೇಪೆಸ್ಟ್ರಿ ಇದೆ. 77 ಫಲಕ. 1981ರಲ್ಲಿ ಶುರುವಾಗಿ 1996ಕ್ಕೆ ಮುಗಿಯಿತು. 15 ದೇಶಗಳ ಸುಮಾರು 4,000 ಜನ ಸೂಜಿ ಹಿಡಿದಿದ್ದಾರೆ. ಟೇಪೆಸ್ಟ್ರಿ ಅಂದರೂ ಅದು ನೇಯ್ದದ್ದಲ್ಲ, ಉಣ್ಣೆ ಬಟ್ಟೆಯ ಮೇಲೆ ಉಣ್ಣೆ ದಾರದ ಕಸೂತಿ. ಯೋಜನೆ ಶುರು ಮಾಡಿದ ಆನ್ ವಿನ್-ವಿಲ್ಸನ್ ಅಕ್ಷರ ಬರೆಯಲೆಂದೇ ಒಂದು ಹೊಸ ಹೊಲಿಗೆ ಮಾಡಿಕೊಂಡರು. ಫಲಕಗಳಲ್ಲಿ ಅಕ್ಷರಗಳ ತಿರುವನ್ನು ಹತ್ತಿರದಿಂದ ನೋಡಿ. ಮ್ಯೂಸಿಯಂ ವರ್ಷವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ದಕ್ಷಿಣಕ್ಕೆ, ನಾರ್ಫೋಕ್‌ನ ಆಕ್ಸ್‌ಬರ್ಗ್ ಹಾಲ್ ಕಡೆ ಹೋಗುವವರಿಗೆ ಸ್ಕಾಟ್ಲೆಂಡಿನ ರಾಣಿ ಮೇರಿಯ ಕಸೂತಿ ಕಾಣಲು ಸಿಗುತ್ತದೆ. 19 ವರ್ಷ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದವಳು. ಒಂದು ಕೋಟೆಯಿಂದ ಇನ್ನೊಂದಕ್ಕೆ ಅವಳನ್ನು ಸಾಗಿಸುತ್ತಲೇ ಇದ್ದರು. ಅವಳೂ, ಹಾರ್ಡ್‌ವಿಕ್‌ನ ಬೆಸ್ ಎಂಬ ಸಿರಿವಂತೆಯೂ ಹೊಲಿದದ್ದು ಪುಟ್ಟ ಪುಟ್ಟ ತುಂಡುಗಳನ್ನು. ಹಕ್ಕಿ, ಮೀನು, ಗಿಡ. ತುಂಡಿಗೊಂದು ಪ್ರಾಣಿ. ಆಮೇಲೆ ಅವನ್ನೆಲ್ಲ ಹಸಿರು ಮಖಮಲ್ಲಿನ ಮೇಲೆ ಜೋಡಿಸಿದರು. ನನ್ನ ಒಂಬತ್ತು ಮನೆಯ ಉಪಾಯಕ್ಕೆ ನಾನೂರೈವತ್ತು ವರ್ಷ ವಯಸ್ಸಾಗಿದೆ ಅಂತ ಅಲ್ಲಿ ಗೊತ್ತಾಯಿತು.

ಡೆಂಟ್ ಕಣಿವೆಯ ಹೆಣಿಗೆಯವರ ಹೆಸರು ಹೇಳದೆ ಹೋದರೆ ತಪ್ಪಾಗುತ್ತದೆ. ಹಿಂದೆ ಅಲ್ಲಿ ಗಂಡಸು, ಹೆಂಗಸು, ಮಕ್ಕಳು ಎಲ್ಲರೂ ಉಣ್ಣೆ ಕಾಲುಚೀಲ ಹೆಣೆದು ಮಾರುತ್ತಿದ್ದರು. ಸೊಂಟಕ್ಕೆ ಮರದ ಒಂದು ಕೋಲು ಸಿಕ್ಕಿಸಿ, ಅದರ ತೂತಿಗೆ ಒಂದು ಕಡ್ಡಿ ಊರಿ, ಮೈ ತೂಗುತ್ತ ಹೆಣೆಯುವುದು. ನಡೆಯುತ್ತ ಹೆಣೆಯುತ್ತಿದ್ದರು. ನಾವು ಬಸ್ಸು ಕುಲುಕಿತು ಅಂತ ದೂರುತ್ತೇವೆ!

9. ಎಷ್ಟಾಯಿತು ಅಂತ ಬರೆದಿಡಿ

ರಾತ್ರಿ ಮಲಗುವ ಮೊದಲು ಬಟ್ಟೆಯ ಒಂದು ಫೋಟೊ. ಅದೇ ಕೋನ, ಸಾಧ್ಯವಾದರೆ ಅದೇ ಬೆಳಕು. ಚಾರ್ಟಿನಲ್ಲಿ ಮುಗಿದ ಚೌಕಗಳಿಗೆ ಪೆನ್ಸಿಲ್ ಗೀಚು. ಪಕ್ಕದಲ್ಲಿ ಒಂದು ಸಾಲು: ದಿನ, ಊರು, ಎಷ್ಟು ಕ್ರಾಸ್, ಏನಾಯಿತು. ನನ್ನ ನಾಲ್ಕನೇ ದಿನದ ಸಾಲು ಹೀಗಿದೆ: "ಹಾಸ್. 61. ಮಳೆ. ಕೊಟ್ಟಿಗೆಗೆ ಬಾಗಿಲು ಮರೆತೆ." ಹಾಸ್ ವೆನ್ಸ್‌ಲೀಡೇಲ್ ಕಣಿವೆಯ ಊರು. ಆ ದಿನ ಗುರಿ ಮುಟ್ಟಲಿಲ್ಲ. ಐದನೇ ದಿನ ನೂರಿಪ್ಪತ್ತು ಆಯಿತು, ಅರ್ಧ ಬಾಕಿ ತೀರಿತು.

ಎಣಿಕೆ ತಪ್ಪಿದರೆ? ಮೊದಲು ನೋಡಬೇಕಾದ್ದು ಅದು ಮುಂದಿನ ಹೊಲಿಗೆಯನ್ನು ಕೆಡಿಸುತ್ತದೋ ಇಲ್ಲವೋ ಅಂತ. ಕೆಡಿಸುವುದಿದ್ದರೆ ಆಗಲೇ ಬಿಚ್ಚಿ. ಇಲ್ಲದಿದ್ದರೆ ಬಿಡಿ. ನನ್ನ ಸೇತುವೆಯ ನಡುವಿನ ಕಮಾನು ಪಕ್ಕದವಕ್ಕಿಂತ ಒಂದು ಚೌಕ ಅಗಲ. ಬಿಚ್ಚಬೇಕು ಅಂತ ಕೂತೆ, ಮತ್ತೆ ಕಿಟಕಿಯಲ್ಲಿ ಸೇತುವೆಯೇ ಕಂಡಿತು, ಬಿಟ್ಟೆ. ರೈಲಿನಲ್ಲಿ ಮಾತ್ರ ಯಾವತ್ತೂ ಬಿಚ್ಚಬೇಡಿ. ಬಿಚ್ಚುವ ಕೆಲಸ ಸಂಜೆಗೇ.

10. ವಾಪಸ್ ಬಂದ ಮೇಲೆ

ಮೊದಲ ವಾರದಲ್ಲೇ ಉಳಿದದ್ದು ಮುಗಿಸಿ. ಪೆಟ್ಟಿಗೆ ಬಿಚ್ಚುವ ದಿನವೇ ಕಸೂತಿ ಕಣ್ಣಿಗೆ ಬೀಳುವ ಕಡೆ ಇಡಿ. ಬೀರುವಿಗೆ ಹೋಯಿತೋ, ಮುಂದಿನ ಪ್ರವಾಸದವರೆಗೂ ಅಲ್ಲೇ.

ಕೆಳಗಿನ ಅಂಚಿನಲ್ಲಿ ಒಂದೇ ಎಳೆಯಲ್ಲಿ ಊರು ಮತ್ತು ಇಸವಿ ಹಾಕಿ. ಆಮೇಲೆ ತಣ್ಣೀರಿನಲ್ಲಿ ಮೃದುವಾದ ಸೋಪು ಕರಗಿಸಿ ಐದು ನಿಮಿಷ ನೆನೆಸಿ. ಉಜ್ಜಬೇಡಿ, ಹಿಂಡಬೇಡಿ. 321 ಕೆಂಪಿನಿಂದ ನೀರಿಗೆ ಬಣ್ಣ ಇಳಿಯುವುದು ಕಂಡರೆ ಗಾಬರಿಯಾಗಿ ಹೊರಗೆ ತೆಗೆದು ಒಣಗಿಸಬೇಡಿ. ನೀರು ತಿಳಿಯಾಗುವವರೆಗೆ ತಣ್ಣೀರು ಬದಲಿಸುತ್ತ ಹೋಗಿ. ಬಟ್ಟೆ ಒದ್ದೆ ಇರುವಷ್ಟು ಹೊತ್ತು ಬಣ್ಣ ತೆಗೆಯಬಹುದು, ಒಣಗಿತೆಂದರೆ ಕೂತುಬಿಡುತ್ತದೆ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆಯಿರಿ. ದಪ್ಪ ಟವೆಲ್ ಹಾಸಿ, ಚಿತ್ರ ಕೆಳಮುಖ ಮಾಡಿ, ಹಿಂಬದಿಯಿಂದ ಇಸ್ತ್ರಿ ಮಾಡಿ. ಮೇಲಿನಿಂದ ಮಾಡಿದರೆ ಕುರಿ ಚಪ್ಪಟೆಯಾಗುತ್ತದೆ.